ಮೂರು ಲಕ್ಷ ಓಡಿದ ಗಾಡಿ

ಸ್ಕ್ರೂಡ್ರೈವರಿನ ತುದಿ ಕಬ್ಬಿಣದೊಳಗೆ ಅರ್ಧ ಬೆರಳು ಇಳಿದಾಗ ಫೋರ್‌ಮನ್ನರಿಗೆ ಖುಷಿಯಾಯಿತು. ಅವರು ಪಿಕಪ್ ಗಾಡಿಯ ಕೆಳಗೆ ಹಳೆಯ ರಟ್ಟಿನ ಮೇಲೆ ಅಂಗಾತ ಮಲಗಿದ್ದರು. ಹಿಂದಿನ ಚಕ್ರದ ಪಕ್ಕದಲ್ಲಿ, ಇಡೀ ಗಾಡಿಯನ್ನು ಹೊತ್ತಿರುವ ಚಾಸಿಯ ತೊಲೆಗೆ ಯಾರೋ ಅಂಗೈಯಗಲ ಹೊಸ ಕಪ್ಪು ಬಣ್ಣ ಬಳಿದಿದ್ದರು. ಬಣ್ಣ ಎಲ್ಲಿ ಹೊಸದೋ ಅಲ್ಲೇ ಮೊದಲು ಚುಚ್ಚಿ ನೋಡಬೇಕೆಂದು ಬಸ್ ಡಿಪೋದಲ್ಲಿ ಮೂವತ್ತಮೂರು ವರ್ಷ ಕಳೆದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತುಕ್ಕಿನ ಪುಡಿ ಕನ್ನಡಕದ ಮೇಲೆ ಉದುರಿತು. ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಚಾಸಿ ತೂತಾಗಿದೆ. ಗಾಡಿ ಅಂತ ತಂದಿದ್ದೀಯೋ, ಜರಡಿ ಅಂತ ತಂದಿದ್ದೀಯೋ?"

ಬೋನೆಟ್ಟಿನ ಹತ್ತಿರ ನಿಂತಿದ್ದ ಸೊಸೆಯ ಪಾದಗಳು ಮಾತ್ರ ಅವರಿಗೆ ಕಾಣುತ್ತಿದ್ದವು. ಪಾದಗಳು ಅಲುಗಲಿಲ್ಲ.

"ಗೊತ್ತು ಮಾವ. ಎಡಗಡೆ ಒಂದು, ಬಲಗಡೆ ಎರಡು. ನಾಳೆ ಬೆಳಿಗ್ಗೆ ವೆಲ್ಡರ್ ಬರ್ತಾನೆ."

ಖುಷಿ ಅಷ್ಟಕ್ಕೇ ಮುಗಿಯಿತು. ಬಲಗಡೆ ಎರಡಿದ್ದದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಸೊಸೆ ಒಂದು ದೊಡ್ಡ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಯಂತ್ರಗಳ ರಿಪೇರಿ ಮಾಡಿಕೊಂಡಿದ್ದವಳು. ನಾಲ್ಕು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಅಲ್ಲಿಗೆ ಬರುತ್ತಿತ್ತು. ಅದನ್ನು ತಂದು ಮುಟ್ಟಿಸುತ್ತಿದ್ದವನು ಒಂದೇ ತಿಂಗಳಲ್ಲಿ ಮೂರು ಸಲ ತಡಮಾಡಿದ್ದಕ್ಕೆ ಮ್ಯಾನೇಜರು ಅವನನ್ನು ಬಿಡಿಸಿದ್ದರು. ಆ ಕೆಲಸ ತನಗೆ ಕೊಡಿ ಎಂದು ಸೊಸೆ ಕೇಳಿದ್ದಳು. ಗಾಡಿ ಇದ್ದರೆ ಸೋಮವಾರ ಬೆಳಿಗ್ಗೆ ಆರೂವರೆಗೆ ಮೊದಲ ಆಸ್ಪತ್ರೆಯ ಹಿಂಬಾಗಿಲಲ್ಲಿ ನಿಂತಿರಬೇಕು, ಮೊದಲ ದಿನವೇ ತಪ್ಪಿದರೆ ಮಾತು ಮುಗಿಯಿತು ಎಂದು ಮ್ಯಾನೇಜರು ಹೇಳಿದ್ದರು. ಅವಳು ಎಂಟು ಕಡೆ ಅಲೆದು, ಮೂರು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರ್ ಓಡಿದ ಈ ಗಾಡಿಯನ್ನು ಆರಿಸಿ ತಂದಿದ್ದಳು.

ಇದೆಲ್ಲ ಫೋರ್‌ಮನ್ನರಿಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಅವರು ತಂಗಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುವಷ್ಟರಲ್ಲಿ ಅಂಗಳದಲ್ಲಿದ್ದ ಅವರ ತಗಡಿನ ಚಪ್ಪರ ಮಾಯವಾಗಿತ್ತು. ನಿವೃತ್ತಿಯಾದ ದಿನದಿಂದ ಆ ಚಪ್ಪರದ ಕೆಳಗೆ ಅವರು ಬೀದಿಯವರ ನೀರಿನ ಪಂಪು, ಫ್ಯಾನು, ಸೈಕಲ್ಲು ಬಿಚ್ಚಿ ಜೋಡಿಸುತ್ತ ಕೂರುತ್ತಿದ್ದರು. ಅದು ಅವರ ಎರಡನೆಯ ಡಿಪೋ. ಈಗ ಕೆಲಸದ ಮೇಜು ಹಿತ್ತಿಲಲ್ಲಿ, ನೀರಿನ ಟ್ಯಾಂಕಿನ ಪಕ್ಕ ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು. ಗೇಟಿನ ಒಂದು ಕಂಬವನ್ನು ಒಡೆದು ಎರಡಡಿ ಆಚೆ ಕಟ್ಟಿಸಲಾಗಿತ್ತು. ಚಪ್ಪರವಿದ್ದ ಜಾಗದಲ್ಲಿ ಈ ಬಿಳಿ ಗಾಡಿ, ಯಾರದೋ ಮನೆಯ ಎಮ್ಮೆ ಬಂದು ಮಲಗಿದ ಹಾಗೆ.

ಸೊಸೆ ಹೇಳುವ ಪ್ರಕಾರ, ಚಪ್ಪರ ತೆಗೆಯಲೇ ಎಂದು ಅವಳು ಮೂರು ಸಲ ಕೇಳಿದ್ದಳು. ಮೂರು ಸಲವೂ ಮಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಪೇಪರಿನ ಪುಟ ತಿರುವಿದರು. ಅದೂ ನಿಜವೇ. ಕೇಳಿದ ತಕ್ಷಣ ಉತ್ತರ ಕೊಟ್ಟುಬಿಟ್ಟರೆ ಕೇಳಿದವರಿಗೆ ಬೆಲೆ ಗೊತ್ತಾಗುವುದಿಲ್ಲ ಎಂಬುದು ಅವರ ಅಭ್ಯಾಸ. ಈ ಸಲ ಆ ಅಭ್ಯಾಸ ಅವರಿಗೇ ತಿರುಗಿಬಿತ್ತು. ಮಗನನ್ನು ಕೇಳಿದರೆ ಅವನು, ಇಬ್ಬರ ಮಾತಲ್ಲೂ ಅರ್ಥ ಇದೆ ಅಪ್ಪ ಅಂದ. ಸ್ಟೇಷನರಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವನು ಮನೆಯಲ್ಲೂ ಗಿರಾಕಿಗಳ ಮುಂದೆ ನಿಂತ ಹಾಗೇ ಇರುತ್ತಿದ್ದ. ಫೋರ್‌ಮನ್ನರ ಹೆಂಡತಿಯಂತೂ ಗಾಡಿ ಬಂದ ದಿನವೇ ಅದರ ಮುಂದಿನ ಸೀಟಿನಲ್ಲಿ ಕೂತು ಬೀದಿ ಸುತ್ತಿ ಬಂದಿದ್ದಳು.

ಶನಿವಾರ ಬೆಳಿಗ್ಗೆ ಸೊಸೆ ನೋಟ್‌ಬುಕ್ಕು ಹಿಡಿದು ಒಬ್ಬಳೇ ಗಾಡಿ ಪರೀಕ್ಷೆಗೆ ಇಳಿದಾಗ ಫೋರ್‌ಮನ್ನರು ಒಂದು ಗಂಟೆ ಕಟ್ಟೆಯ ಮೇಲೆ ಕೂತು ನೋಡಿದರು. ಅವಳು ಆಯಿಲಿನ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ, ಹನಿಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದಳು. ತುಂಬುವ ಬಾಯಿಯ ಮುಚ್ಚಳ ತೆಗೆದು, ಆಯಿಲಿಗೆ ನೀರು ಸೇರಿ ಒಳಗೆ ಬೆಣ್ಣೆಯ ಹಾಗೆ ಬಿಳಿ ಕಟ್ಟಿದೆಯೇ ಎಂದು ಬಗ್ಗಿ ನೋಡಿದಳು. ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ ಅಲ್ಲಿ ನಿಂತ ನೀರನ್ನು ಬಾಟಲಿಗೆ ಇಳಿಸಿದಳು. ಒಂದೊಂದು ಆದಮೇಲೂ ನೋಟ್‌ಬುಕ್ಕಿನಲ್ಲಿ ಗುರುತು. ಅವಳು ಎಲ್ಲೂ ತಪ್ಪುತ್ತಿಲ್ಲ ಎಂಬುದು ಖಾತ್ರಿಯಾದಾಗ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಳಗೆ ಹೋಗಿ ಟಾರ್ಚು, ಸ್ಕ್ರೂಡ್ರೈವರ್, ಸುತ್ತಿಗೆ ತಂದರು. ಅವಳು ಬೇಡ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ.

ಗಂಟೆ ಹನ್ನೊಂದಾಗುವ ಹೊತ್ತಿಗೆ ಅದು ಪರೀಕ್ಷೆ ಹೋಗಿ ಪಂದ್ಯವಾಗಿತ್ತು. ಸುತ್ತಿಗೆಯಿಂದ ಸ್ಪ್ರಿಂಗಿನ ಪಟ್ಟಿಗಳನ್ನು ಬಡಿಯುತ್ತ ಅವರು ಮೂರನೆಯದು ಬಿರುಕು ಬಿಟ್ಟಿದೆ ಅಂದರು. ಅವಳು ನೋಟ್‌ಬುಕ್ಕು ತಿರುಗಿಸಿ ತೋರಿಸಿದಳು. ಅದನ್ನು ಆಗಲೇ ಬರೆದಾಗಿತ್ತು. ಬ್ಯಾಟರಿಯ ತುದಿಗಳು ಹಸಿರುಗಟ್ಟಿವೆ ಅಂದರು. ಅವನ್ನು ತೊಳೆಯಲು ಇಟ್ಟಿದ್ದ ಬಿಸಿನೀರಿನ ಪಾತ್ರೆ ಕಡೆ ಅವಳು ಕೈ ತೋರಿಸಿದಳು. ಹಿಂದಿನ ಟೈರುಗಳಿಗೆ ಏಳು ವರ್ಷ ವಯಸ್ಸು ಅಂದರು. ಎಂಟು, ಅಂದಳು ಅವಳು.

ಆಮೇಲೆ ಅವರೇ ಗಾಡಿಯನ್ನು ಬೀದಿಯ ಕೊನೆಯವರೆಗೆ ಓಡಿಸಿ ತಂದರು. ಇಳಿಯುತ್ತಲೇ, ಎಡಕ್ಕೆ ಎಳೆಯುತ್ತಿದೆ, ಮುಂದಿನ ಎಡಗಡೆ ಬ್ರೇಕು ಕಚ್ಚಿಕೊಂಡಿದೆ, ಪೂರ್ತಿ ಬಿಚ್ಚಬೇಕು, ಎರಡು ದಿನದ ಕೆಲಸ, ಸೋಮವಾರಕ್ಕೆ ಆಗುವ ಮಾತೇ ಅಲ್ಲ ಎಂದು ತೀರ್ಪು ಕೊಟ್ಟರು. ಗೇಟಿನಲ್ಲಿ ಪಕ್ಕದ ಮನೆಯ ದರ್ಜಿ ನಿಂತಿದ್ದ. ತೀರ್ಪಿನಲ್ಲಿ ಅರ್ಧ ಅವನಿಗಾಗಿ. ಸೊಸೆ ಜಾಕು ಹಚ್ಚಿ ಚಕ್ರ ಎತ್ತಿದಳು. ಒಂದು ಬೆರಳಿನಿಂದ ದೂಡಿದಳು. ಚಕ್ರ ಸಲೀಸಾಗಿ ತಿರುಗಿತು, ನಿಲ್ಲಲು ಮನಸ್ಸೇ ಇಲ್ಲದ ಹಾಗೆ. ಆಮೇಲೆ ಗಾಳಿ ಅಳೆಯುವ ಗೇಜನ್ನು ಎಡ ಟೈರಿಗೆ ಒತ್ತಿ, ಬಲ ಟೈರಿಗೆ ಒತ್ತಿ, ಎರಡೂ ಸಲ ದರ್ಜಿಗೇ ತೋರಿಸಿದಳು.

"ಗಾಳಿ ಕಮ್ಮಿ ಇದೆ ಮಾವ. ಅಷ್ಟೇ."

ದರ್ಜಿ ನಗಲಿಲ್ಲ. ನಕ್ಕವನು ಮಗ. ಕಟ್ಟೆಯ ಮೇಲೆ ಟೀ ಕುಡಿಯುತ್ತಿದ್ದವನ ಮೂಗಿನಿಂದ ಟೀ ಹನಿ ಚಿಮ್ಮುವ ಹಾಗೆ ನಗು ಬಂತು, ತಕ್ಷಣ ಕೆಮ್ಮಿ ಮುಚ್ಚಿಕೊಂಡ. ಫೋರ್‌ಮನ್ನರು ಅವನ ಕಡೆ ತಿರುಗಲಿಲ್ಲ. ಅವರ ಕಿವಿಗಳ ತುದಿ ಕೆಂಪಾದದ್ದನ್ನು ಹೆಂಡತಿ ಅಡುಗೆಮನೆಯ ಕಿಟಕಿಯಿಂದಲೇ ನೋಡಿದಳು.

ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಟೈಮಿಂಗ್ ಬೆಲ್ಟು. ಎಂಜಿನ್ನಿನ ಮುಂಭಾಗದಲ್ಲಿ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅಡಗಿ ಕೂತಿರುವ ಹಲ್ಲಿನ ರಬ್ಬರು ಪಟ್ಟಿ ಅದು. ಎಂಜಿನ್ನಿನ ಮೇಲಿನ ಭಾಗವನ್ನೂ ಕೆಳಗಿನ ಭಾಗವನ್ನೂ ಒಂದೇ ತಾಳಕ್ಕೆ ಕುಣಿಸುವುದು ಅದೇ. ಲಕ್ಷ ಕಿಲೋಮೀಟರಿಗೊಮ್ಮೆ ಬದಲಿಸಬೇಕು. ಬದಲಿಸದಿದ್ದರೂ ಗಾಡಿ ಏನೂ ಹೇಳುವುದಿಲ್ಲ, ಚೆನ್ನಾಗಿಯೇ ಓಡುತ್ತದೆ. ಒಂದು ದಿನ ಪಟ್ಟಿ ಹರಿದರೆ ಮೇಲಿನದು ಕೆಳಗಿನದಕ್ಕೆ ಬಡಿದು ಅರೆಗಳಿಗೆಯಲ್ಲಿ ಎಂಜಿನ್ನು ಹಳೆ ಕಬ್ಬಿಣ. ಬೆಲ್ಟು ಬದಲಿಸಿ ನಲವತ್ತು ಸಾವಿರ ಕಿಲೋಮೀಟರ್ ಆಗಿದೆಯಷ್ಟೇ ಎಂದು ಮಾರಿದವನು ಹೇಳಿದ್ದ. ಮುಚ್ಚಳದ ಮೇಲೆ ಅದನ್ನೇ ಬರೆದ ಸ್ಟಿಕ್ಕರೂ ಇತ್ತು. ಆದರೂ ಕಣ್ಣಾರೆ ನೋಡಿಬಿಡೋಣ ಎಂದು ಸೊಸೆ ಎರಡು ಕ್ಲಿಪ್ ಬಿಚ್ಚುವುದರಲ್ಲಿದ್ದಳು. ಅಷ್ಟರಲ್ಲಿ ಲಾಂಡ್ರಿ ಮ್ಯಾನೇಜರ ಫೋನು ಬಂತು. ಸರಿಯಾಗಿ ಕೇಳಿಸದೆ ಅವಳು ಮಾತಾಡುತ್ತ ಬೀದಿಗೆ ಹೋದಳು.

ಫೋರ್‌ಮನ್ನರು ಬಗ್ಗಿ ನೋಡಿದರು. ಮುಚ್ಚಳದ ಬೋಲ್ಟುಗಳ ತಲೆಯ ಮೇಲೆ ಎಣ್ಣೆ, ಧೂಳು ಸೇರಿ ಗಟ್ಟಿಯಾದ ಕರಿ ಪದರ ಇತ್ತು. ವರ್ಷಗಟ್ಟಲೆ ಆ ಬೋಲ್ಟುಗಳಿಗೆ ಯಾರ ಪಾನಾವೂ ತಾಗಿಲ್ಲ ಎಂದು ಅವರಿಗೆ ಆ ಕ್ಷಣವೇ ಗೊತ್ತಾಯಿತು. ಸ್ಟಿಕ್ಕರು ಮಾತ್ರ ಹೊಸದು. ಅವರು ಎರಡು ಕ್ಲಿಪ್ ಒತ್ತಿ ಮುಚ್ಚಳದ ಮೇಲ್ಭಾಗವನ್ನು ಸ್ವಲ್ಪ ಎಳೆದು ಟಾರ್ಚು ಬಿಟ್ಟರು. ಪಟ್ಟಿಯ ಬೆನ್ನು ಒಣಗಿದ ಕೆರೆಯ ತಳದ ಹಾಗೆ ಸೀಳಿತ್ತು. ಅಂಚಿನಿಂದ ದಾರಗಳು ಎದ್ದಿದ್ದವು. ಎರಡು ಹಲ್ಲುಗಳ ಬುಡದಲ್ಲಿ ಬಿರುಕು. ಇಂಥ ಬೆಲ್ಟು ಇಟ್ಟುಕೊಂಡ ಗಾಡಿಯನ್ನು ಅವರು ಡಿಪೋದ ಗೇಟು ದಾಟಲು ಬಿಟ್ಟವರಲ್ಲ. ತಳ್ಳಿಕೊಂಡು ವಾಪಸು ತರಿಸಿದವರು.

ಅವರು ಮುಚ್ಚಳವನ್ನು ಮೊದಲಿದ್ದ ಹಾಗೇ ಕೂರಿಸಿದರು. ಕ್ಲಿಪ್ಪುಗಳು ಟಕ್ ಟಕ್ ಎಂದು ಬಿದ್ದವು.

ಸೊಸೆ ಬಂದಳು. ಮ್ಯಾನೇಜರು ಸೋಮವಾರದ ಮಾತನ್ನೇ ಮತ್ತೆ ಹೇಳಿದರಂತೆ. ಅವಳ ಮುಖ ಬಾಡಿತ್ತು, ನೋಟ್‌ಬುಕ್ಕು ಕಂಕುಳಲ್ಲಿತ್ತು. ಮಾವನ ಕೈಯಲ್ಲಿ ಟಾರ್ಚು ಉರಿಯುತ್ತಿದ್ದದ್ದನ್ನು ನೋಡಿ, "ಬೆಲ್ಟ್ ನೋಡಿದ್ರಾ?" ಎಂದು ಕೇಳಿದಳು. ಆ ಇಡೀ ದಿನ ಅವಳು ಅವರನ್ನು ಕೇಳಿದ ಪ್ರಶ್ನೆ ಅದೊಂದೇ.

"ಸ್ಟಿಕ್ಕರ್ ಮೇಲೆ ಬರೆದಿದೆಯಲ್ಲ," ಅಂದರು ಫೋರ್‌ಮನ್ನರು.

ಅವಳು ಗುರುತು ಹಾಕಿಕೊಂಡಳು.

ಭಾನುವಾರ ವೆಲ್ಡರ್ ಬಂದು ಮೂರು ತೂತುಗಳಿಗೂ ತಗಡು ಬೆಸೆದ. ಸ್ಪ್ರಿಂಗಿನ ಪಟ್ಟಿ ಹೊಸದಾಯಿತು, ಟೈರು ನಾಲ್ಕೂ ಹೊಸದಾದವು. ಅತ್ತೆ ಮೊಣಕಾಲ ಮೇಲೆ ಕೂತು ಗಾಡಿಯ ಹಿಂದಿನ ಡಬ್ಬಿಯೊಳಗೆ ಬಿಳಿ ಟಾರ್ಪಾಲು ಹಾಸಿ, ಆಸ್ಪತ್ರೆಯ ಬಟ್ಟೆ, ಮಣ್ಣಾಗಬಾರದು ಎಂದು ಮೂಲೆಗಳನ್ನು ಒತ್ತಿ ಒತ್ತಿ ಮಡಚಿದಳು. ಫೋರ್‌ಮನ್ನರು ಪೇಪರು ಓದಿದರು. ಅದೇ ಪೇಪರನ್ನು ಮಧ್ಯಾಹ್ನ ಇನ್ನೊಂದು ಸಲ ಓದಿದರು. ತಾವು ಸುಳ್ಳು ಹೇಳಿಲ್ಲ ಎಂಬುದನ್ನು ಅವರು ಬೇರೆ ಬೇರೆ ಮಾತುಗಳಲ್ಲಿ ತಮಗೇ ಹೇಳಿಕೊಂಡರು. ಸ್ಟಿಕ್ಕರಿನ ಮೇಲೆ ಬರೆದಿತ್ತು, ಬರೆದಿದೆ ಅಂದೆ. ಎಲ್ಲ ಗೊತ್ತಿದ್ದವಳಿಗೆ ಇದೂ ಗೊತ್ತಿರಬೇಕಿತ್ತು. ಇಂಥ ಬೆಲ್ಟು ಒಮ್ಮೊಮ್ಮೆ ಇನ್ನೂ ಆರು ತಿಂಗಳು ಎಳೆಯುತ್ತದೆ. ಹರಿದರೆ ಹರಿಯಲಿ, ಯಾರೂ ಸಾಯುವುದಿಲ್ಲ. ಗಾಡಿ ದಾರಿಯಲ್ಲಿ ನಿಲ್ಲುತ್ತದೆ, ಎಳೆದು ತರುತ್ತಾರೆ, ಮಾರುತ್ತಾರೆ, ಅಂಗಳ ಖಾಲಿಯಾಗುತ್ತದೆ. ಚಪ್ಪರದ ತಗಡುಗಳು ಹಿತ್ತಿಲಲ್ಲೇ ಇವೆ.

ಊಟಕ್ಕೆ ಕೂತಾಗ ಹೆಂಡತಿ, ಏನೋ ನುಂಗಿಕೊಂಡವರ ಹಾಗೆ ಇದ್ದೀರಿ, ಹಲ್ಲುನೋವೇ ಎಂದು ವಿಚಾರಿಸಿದಳು. ಅವರು ಹೌದು ಅಂದರು. ಅವಳು ಲವಂಗ ತಂದುಕೊಟ್ಟಳು. ನೋವಿಲ್ಲದ ಹಲ್ಲಿಗೆ ಲವಂಗ ಒತ್ತಿಕೊಂಡು ಅವರು ಸಂಜೆಯವರೆಗೂ ಕೂತರು. ನಾಲಿಗೆ ಪೂರ್ತಿ ಮರಗಟ್ಟಿತು.

ಸೋಮವಾರ ಆರಕ್ಕೆ ಹತ್ತು ನಿಮಿಷ ಇರುವಾಗ ಬೆಳಕು ಚೆನ್ನಾಗಿಯೇ ಹರಿದಿತ್ತು. ಮಗ ಗೇಟು ತೆಗೆದು ಬೀದಿಗೆ ನಿಂತು ಹಿಂದೆ ಮುಂದೆ ನೋಡಿದ. ಬಟ್ಟೆ ಗಂಟುಗಳನ್ನು ಎತ್ತಿಕೊಡಲು ಅವನೂ ಹೋಗುವವನಿದ್ದ. ಸೊಸೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೀಟಿನಲ್ಲಿ ಕೂತು ಎಂಜಿನ್ನು ಚಾಲೂ ಮಾಡಿದಳು. ಒಂದೇ ಸಲಕ್ಕೆ ಹತ್ತಿಕೊಂಡಿತು. ಸದ್ದಿನಲ್ಲಿ ಏನೂ ಊನ ಇರಲಿಲ್ಲ. ಒಳಗೆ ಮಂಚದ ತುದಿಯಲ್ಲಿ ಕೂತಿದ್ದ ಫೋರ್‌ಮನ್ನರು ಆ ಸದ್ದನ್ನೇ ಕೇಳುತ್ತಿದ್ದರು. ಗೇರು ಬೀಳುವ ಸಪ್ಪಳಕ್ಕೆ ಅವರು ಎದ್ದರು. ಯಾಕೆ ಎದ್ದೆ ಎಂದು ಯೋಚಿಸುವ ಮೊದಲೇ ಬರಿಗಾಲಲ್ಲಿ ಅಂಗಳ ದಾಟಿ ಗಾಡಿಯ ಮುಂದೆ ಬಂದು ನಿಂತಿದ್ದರು, ಎರಡು ಕೈಗಳನ್ನೂ ಬೋನೆಟ್ಟಿನ ಮೇಲೆ ಊರಿಕೊಂಡು.

ಸೊಸೆ ಹಾರನ್ ಒತ್ತಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ದಾರಿ ಬಿಡಿ ಮಾವ."

"ಎಂಜಿನ್ ಆರಿಸು."

"ಚಪ್ಪರದ ವಿಷಯ ಸಂಜೆ ಮಾತಾಡೋಣ. ಇವತ್ತು ಬೇಡ. ಇವತ್ತೊಂದು ದಿನ ನನ್ನ ಬಿಟ್ಟುಬಿಡಿ."

ಮಗ ಗೇಟಿನಿಂದ ಓಡಿಬಂದು, ಅಪ್ಪ, ಬೀದಿಯವರೆಲ್ಲ ನೋಡ್ತಿದ್ದಾರೆ ಎಂದು ಅವರ ತೋಳು ಹಿಡಿದ. ಫೋರ್‌ಮನ್ನರು ಕೊಡವಿಕೊಂಡರು. ಎಂಜಿನ್ನಿನ ನಡುಕ ಅಂಗೈಯಿಂದ ಮೊಣಕೈಯವರೆಗೆ ಬರುತ್ತಿತ್ತು.

"ಬೆಲ್ಟು ಹೋಗಿದೆ," ಅಂದರು. "ಟೈಮಿಂಗ್ ಬೆಲ್ಟು. ಆರಿಸು ಮೊದಲು."

ಎಂಜಿನ್ನು ನಿಂತಿತು. ಬೀದಿಯ ಕಡೆಯಿಂದ ಪೊರಕೆಯ ಸದ್ದು ಕೇಳಿಸಿತು. ಸೊಸೆ ಇಳಿದು ಬಂದು ಬೋನೆಟ್ಟು ಎತ್ತಿ, ಕ್ಲಿಪ್ಪುಗಳನ್ನು ಒತ್ತಿ ಮುಚ್ಚಳ ಎಳೆದಳು. ಒಳಗೆ ಕೈ ಹಾಕಿ ಪಟ್ಟಿಯ ಬೆನ್ನ ಮೇಲೆ ಬೆರಳಾಡಿಸಿದಳು. ಬೆರಳ ತುದಿಗೆ ರಬ್ಬರಿನ ಕರಿ ಪುಡಿ ಅಂಟಿಕೊಂಡು ಬಂತು. ಅದನ್ನು ತುಂಬ ಹೊತ್ತು ನೋಡಿದಳು.

ಮಗನ ಮುಖದಲ್ಲಿ ಬೆರಗು ಮೂಡಿತ್ತು. ಶನಿವಾರದ ನಗುವಿಗೆ ಅವನೂ ಎರಡು ದಿನದಿಂದ ಒಳಗೊಳಗೇ ಕೊರಗುತ್ತಿದ್ದನೇನೋ, ಅಪ್ಪನ ತೋಳನ್ನು ಮತ್ತೆ ಹಿಡಿದುಕೊಂಡ, ದನಿಯಲ್ಲಿ ಅಕ್ಕರೆಯಿತ್ತು.

"ಸದ್ದು ಕೇಳಿಯೇ ಹೇಳಿದ್ಯಾ ಅಪ್ಪ? ಒಳಗೆ ಕೂತುಕೊಂಡೇ?"

ಫೋರ್‌ಮನ್ನರು ಮಗನ ಮುಖ ನೋಡಿದರು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಆಚೆ ಗೋಡೆಯ ಮೇಲಿನಿಂದ ದರ್ಜಿ ಕತ್ತು ಚಾಚಿದ್ದ. ಹೂಂ ಅಂದರೆ ಸಾಕಿತ್ತು. ಹೂಂ ಅಂದರೆ ಆ ಬೀದಿಯಲ್ಲಿ ಅವರು ಬದುಕಿರುವವರೆಗೂ ಆ ಮಾತು ಓಡಾಡುತ್ತಿತ್ತು: ಫೋರ್‌ಮನ್ನರು ಮಂಚದ ಮೇಲೆ ಕೂತು ಕಿವಿಯಿಂದಲೇ ಬೆಲ್ಟು ಹಿಡಿದರು ಎಂದು. ಸೊಸೆ ಮಾತ್ರ ತಲೆ ಎತ್ತಿರಲಿಲ್ಲ. ಅವಳು ಬೆರಳ ಮೇಲಿನ ಪುಡಿಯನ್ನೇ ನೋಡುತ್ತಿದ್ದಳು.

"ಇಲ್ಲ," ಅಂದರು. "ಶನಿವಾರವೇ ನೋಡಿದ್ದೆ."

ಮಗನ ಕೈ ಅವರ ತೋಳಿನ ಮೇಲೆ ಇನ್ನೂ ಇತ್ತು. ಅದು ನಿಧಾನವಾಗಿ ಜಾರಿ ಕೆಳಗೆ ಬಂತು. ಹೆಂಡತಿ ಬಾಗಿಲು ಬಿಟ್ಟು ಒಳಗೆ ಹೋದಳು. ದರ್ಜಿಯ ತಲೆ ಗೋಡೆಯ ಹಿಂದೆ ಇಳಿಯಿತು.

ಸೊಸೆ ಅಂಗಿಗೆ ತಾಗದ ಹಾಗೆ ಬೆರಳನ್ನು ಚಿಂದಿಯಿಂದ ಒರೆಸಿಕೊಂಡಳು. ಅಳಲಿಲ್ಲ, ಕೂಗಲೂ ಇಲ್ಲ. ಕೂಗಿದ್ದರೆ ಫೋರ್‌ಮನ್ನರೂ ಕೂಗಬಹುದಿತ್ತು.

"ನಾನು ಗುರುತು ಹಾಕಿಕೊಳ್ಳೋದನ್ನ ನಿಂತು ನೋಡಿದ್ರಿ," ಅಂದಳು. "ನಿಮ್ಮ ಮಾತು ನಂಬಿ ಬರೆದುಕೊಂಡೆ. ಇನ್ನು ಈ ಗಾಡಿ ಹತ್ತಿರ ಬರಬೇಡಿ ಮಾವ. ಕೈ ಹಾಕೋದಿರಲಿ, ಹತ್ತಿರಾನೂ ಬರಬೇಡಿ."

ಆಮೇಲೆ ಫೋನು ತೆಗೆದು ಮೂಲೆಗೆ ಹೋದಳು. ಮ್ಯಾನೇಜರ ದನಿ ಅಂಗಳದ ಈ ತುದಿಗೂ ಕೇಳಿಸುವಷ್ಟು ಜೋರಾಗಿತ್ತು. ಹೂಂ ಸಾರ್, ತಪ್ಪಾಯ್ತು ಸಾರ್ ಎಂದು ಅವಳು ಏಳೆಂಟು ಸಲ ಹೇಳಿದಳು. ಇವತ್ತು ಬೇರೆಯವನನ್ನು ಕಳಿಸುತ್ತೇನೆ, ನಾಳೆ ಒಂದು ದಿನ ನೋಡುತ್ತೇನೆ, ನಾಳೆಯೂ ಬರದಿದ್ದರೆ ಇನ್ನು ಈ ಕಡೆ ತಲೆ ಹಾಕಬೇಡ ಎಂದು ಕೊನೆಗೆ ಅವರು ಹೇಳಿದರಂತೆ. ಇದನ್ನು ಅವಳು ಗಂಡನಿಗೆ ಹೇಳಿದಳು, ಅತ್ತೆಗೆ ಹೇಳಿದಳು. ಮಾವ ಅಲ್ಲೇ ಮೂರು ಮಾರು ದೂರದಲ್ಲಿ ನಿಂತಿದ್ದರು.

ಹತ್ತು ಗಂಟೆಗೆ ಮಗ ರಜೆ ಹಾಕಿ, ಊರಾಚೆಯ ಬಿಡಿಭಾಗದ ಅಂಗಡಿಯಿಂದ ಹೊಸ ಬೆಲ್ಟು, ಅದನ್ನು ಬಿಗಿ ಹಿಡಿಯುವ ರಾಟೆ ತಂದ. ಫೋರ್‌ಮನ್ನರು ಅಷ್ಟರಲ್ಲಿ ಹಿತ್ತಿಲಿಗೆ ಹೋಗಿ, ತಮ್ಮ ಪಾನಾಗಳ ಪೆಟ್ಟಿಗೆಯನ್ನು ಎಣ್ಣೆ ಬಟ್ಟೆಯಿಂದ ಒರೆಸಿ ತಂದು ಕಟ್ಟೆಯ ಮೆಟ್ಟಿಲ ಮೇಲೆ ಮುಚ್ಚಳ ತೆರೆದು ಇಟ್ಟಿದ್ದರು. ಡಿಪೋದಲ್ಲಿ ಅವರು ಯಾರಿಗೂ ಎರವಲು ಕೊಡದಿದ್ದ ಪೆಟ್ಟಿಗೆ ಅದು. ಸೊಸೆ ಅದನ್ನು ದಾಟಿಕೊಂಡು ಎರಡು ಸಲ ಓಡಾಡಿದಳು. ಮೂರನೆಯ ಸಲ ಬೀದಿ ಕೊನೆಯ ಗ್ಯಾರೇಜಿಗೆ ಹೋಗಿ ತನಗೆ ಬೇಕಾದ ಪಾನಾಗಳನ್ನು ಕೇಳಿ ತಂದಳು. ಮಧ್ಯಾಹ್ನದ ಬಿಸಿಲಿಗೆ ಮೆಟ್ಟಿಲ ಮೇಲಿನ ಕಬ್ಬಿಣ ಮುಟ್ಟಲಾಗದಷ್ಟು ಕಾದಿತು. ಹೆಂಡತಿ ಪೆಟ್ಟಿಗೆಯ ಮುಚ್ಚಳ ಹಾಕಿ ಬದಿಗೆ ಸರಿಸಿದಳು.

ಫೋರ್‌ಮನ್ನರು ತಮ್ಮ ಕೋಣೆಯಲ್ಲಿ ಕೂತಿದ್ದರು. ಕಿಟಕಿ ಅಂಗಳದ ಕಡೆಗೇ ಇತ್ತು. ಅವರು ಅದರ ಪಕ್ಕದ ಗೋಡೆಗೆ ಒರಗಿ, ಯಾರಿಗೂ ಕಾಣದ ಹಾಗೆ ಕೂತಿದ್ದರು. ಹೊರಗೆ ಮಗ ಬೆಲ್ಟು ಕೂರಿಸುವ ಕ್ರಮವನ್ನು ಫೋನು ನೋಡಿ ಶಾಲೆಯ ಪಾಠದ ಹಾಗೆ ರಾಗ ಎಳೆದು ಓದುತ್ತಿದ್ದ. ಮೇಲಿನ ಗುರುತು ಕಚ್ಚಿಗೆ ಸರಿಯಾಗಿ ಬರಲಿ. ಕೆಳಗಿನ ಗುರುತು ನೇರ ಮೇಲಕ್ಕಿರಲಿ. ಒಂದು ಹಲ್ಲೂ ಆಚೀಚೆ ಆಗಬಾರದು. ಅವಳು ಸಾಲನ್ನು ಮತ್ತೊಮ್ಮೆ ಓದಿಸುತ್ತಿದ್ದಳು, ಹಲ್ಲು ಎಣಿಸುತ್ತಿದ್ದಳು. ಬೋಲ್ಟೊಂದು ಕಲ್ಲಿನ ಮೇಲೆ ಬಿದ್ದು ಉರುಳಿದ ಸದ್ದು ಬಂತು. ಅದು ಎಲ್ಲಿಯ ಬೋಲ್ಟು, ಎಷ್ಟು ಉದ್ದದ್ದು ಎಂಬುದೂ ಬಿದ್ದ ಸದ್ದಿನಲ್ಲೇ ಅವರಿಗೆ ತಿಳಿಯಿತು. ಎರಡು ಸಲ ಅವರು ಬಾಯಿ ತೆರೆದರು. ಎರಡು ಸಲವೂ ಮುಚ್ಚಿದರು.

ನಾಲ್ಕೂವರೆಯ ಹೊತ್ತಿಗೆ ಪಾನಾದ ಸದ್ದು ನಿಂತಿತು. ಮಗ ಗಂಟಲು ಸರಿಮಾಡಿಕೊಂಡು ಓದಿದ: ಎಂಜಿನ್ ಚಾಲೂ ಮಾಡುವ ಮೊದಲು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು, ಎಲ್ಲಾದರೂ ತಡೆದರೆ ಬೆಲ್ಟು ಹಲ್ಲು ತಪ್ಪಿ ಕೂತಿದೆ ಎಂದರ್ಥ, ಬಲವಂತ ಮಾಡಬಾರದು.

ಅವಳು ಉದ್ದನೆಯ ಪಾನಾ ಹಚ್ಚಿದ್ದು ಕೇಳಿಸಿತು. ಆಮೇಲೆ ಕಟಕಟ ಎಂಬ ಸಣ್ಣ ಸದ್ದು, ಸ್ವಲ್ಪ ತಡೆದು ಮತ್ತೆ ಕಟಕಟ. ಎಂಜಿನ್ನು ಒಳಗೊಳಗೇ ಉಸಿರು ಎಳೆದುಕೊಂಡು ಬಿಡುತ್ತಿತ್ತು. ಫೋರ್‌ಮನ್ನರು ಕಣ್ಣು ಮುಚ್ಚಿ ಬಲಗೈಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡಿದ್ದರು. ಮೊದಲ ಸುತ್ತು ಮುಗಿದಾಗ ಕಿರುಬೆರಳನ್ನು ಮಡಚಿದರು.

ಎರಡನೆಯ ಸುತ್ತಿನ ನಡುವೆ ಸದ್ದು ನಿಂತಿತು. ಅಂಗಳದಲ್ಲಿ ಯಾರೋ ಕಾಲು ಸರಿಸಿ ನಿಂತ ಹಾಗಾಯಿತು. ಆಮೇಲೆ, ಬಹಳ ನಿಧಾನವಾಗಿ, ಕಟಕಟ ಮತ್ತೆ ಶುರುವಾಯಿತು. ಫೋರ್‌ಮನ್ನರ ಉಂಗುರದ ಬೆರಳು ಅರ್ಧ ಮಡಚಿಕೊಂಡು, ಪೂರ್ತಿ ಮಡಚದೆ, ಕಾಯುತ್ತಿತ್ತು.